ಮೂರು ಊರು, ಒಂದೇ ತಟ್ಟೆ

ತಿನ್ನುವುದಕ್ಕೆಂದೇ ಪ್ರವಾಸ ಹೋಗೋಣ ಅಂತ ಹಟ ಹಿಡಿದವಳು ನಾನು. ನಮ್ಮೆಜಮಾನರಿಗೆ ಐಹೊಳೆ, ಬಾದಾಮಿ ಎಲ್ಲ ಸೇರಿಸಿಕೊಳ್ಳುವ ಆಸೆ. "ಸೇರಿಸಿದ್ರೆ ಊಟದ ಹೊತ್ತಿಗೆ ಕಾರಲ್ಲೇ ಇರ್ತೀವಿ ಕಣ್ರೀ" ಅಂದೆ. ಕೊನೆಗೆ ರಾಜಿಯಾಯಿತು: ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಅಷ್ಟೇ. ರೂಮು ಧಾರವಾಡದಲ್ಲಿ. ಏನು ತರಿಸಿದರೂ ಇಬ್ಬರಿಗೂ ಸೇರಿ ಒಂದೇ ತಟ್ಟೆ. ಮತ್ತೆ, ಯಾವ ತಿನಿಸಾದರೂ ಅದರ ಹೊತ್ತಿಗೇ ತಿನ್ನಬೇಕು.

ಈ ಹೊತ್ತಿನ ಲೆಕ್ಕವೇ ನಮ್ಮ ಪ್ರವಾಸವನ್ನು ಹಗುರ ಮಾಡಿದ್ದು. ಜೋಳದ ರೊಟ್ಟಿಗೆ ಮಧ್ಯಾಹ್ನ, ಗಿರಮಿಟ್ಟಿಗೆ ಸಂಜೆ. ನಡುವಿನ ಹೊತ್ತಿಗೆ ನಿದ್ದೆ, ಇಲ್ಲವೇ ಧಾರವಾಡದ ಸಾಧನಕೇರಿಯ ಕೆರೆ ದಂಡೆ. ಹೊಟ್ಟೆ ಖಾಲಿಯಾಗುವುದನ್ನು ಕಾಯುವುದೂ ಪ್ರವಾಸದ ಭಾಗವೇ ಅಂತ ಒಪ್ಪಿಕೊಂಡ ಮೇಲೆ ಗಡಿಬಿಡಿಯೇ ಉಳಿಯಲಿಲ್ಲ.

ಖಾನಾವಳಿಗೆ ಒಂದು ಗಂಟೆಗೆ ಮೊದಲೇ ಹೋಗಿ ಕೂತೆವು. ತಟ್ಟೆಯಲ್ಲಿ ಎಣ್ಣೆಗಾಯಿ, ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಪಕ್ಕದಲ್ಲಿ ಹಸಿ ಮೆಂತೆಸೊಪ್ಪು, ಉಳ್ಳಾಗಡ್ಡಿ. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಲೇ ಇತ್ತು. ಉಬ್ಬಿದ ರೊಟ್ಟಿ ಬುಸ್ಸೆಂದು ಹಬೆ ಬಿಡುತ್ತಾ ತಟ್ಟೆಗೆ ಬೀಳುತ್ತಿತ್ತು. ಚಟ್ನಿಪುಡಿಗೆ ಮೊಸರು ಕಲಸಿ ಬಿಸಿ ರೊಟ್ಟಿಯ ತುಂಡಲ್ಲಿ ತೆಗೆದುಕೊಂಡರೆ ಪಲ್ಯವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಯಜಮಾನರು ಎಣ್ಣೆಗಾಯಿ ಪಕ್ಷ. ಎರಡು ರೊಟ್ಟಿಗೆ ನಾನು ಕೈ ಅಡ್ಡ ಹಿಡಿದರೆ ಬಡಿಸುವವರು, "ಇಷ್ಟ ಉಂಡ್ರ ಹೆಂಗ್ರಿ ಅಕ್ಕಾರ? ಇನ್ನೊಂದ್ ಬಿಸೀದ್ ಹಾಕ್ತೀನ್ ತಡೀರಿ" ಅಂದರು. ಅಲ್ಲಿ ಬೇಡ ಅನ್ನುವುದಕ್ಕೂ ಅಭ್ಯಾಸ ಬೇಕು.

ಧಾರವಾಡದಿಂದ ಹುಬ್ಬಳ್ಳಿ ಸುಮಾರು 20 ಕಿ.ಮೀ. ಕಾರು ಬಿಟ್ಟು ಚಿಗರಿ ಬಸ್ಸು ಹತ್ತಿದೆವು. ಅದಕ್ಕೆ ರಸ್ತೆಯ ನಡುವೆ ಬೇರೆಯದೇ ದಾರಿ, ಪಾರ್ಕಿಂಗ್ ತಲೆನೋವೂ ಇಲ್ಲ. ಸಂಜೆ ದುರ್ಗದ ಬೈಲಿನಲ್ಲಿ ಗಿರಮಿಟ್ಟು. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹುರಿದು ಹುಣಸೆಹುಳಿ, ಬೆಲ್ಲ ಹಾಕಿ ಬೇಯಿಸಿದ ಗೊಜ್ಜಿಗೆ ಚುರುಮುರಿ ಸುರಿದು, ಪುಟಾಣಿ (ಹುರಿಗಡಲೆ) ಹಿಟ್ಟು ಉದುರಿಸಿ ಕಲಸುತ್ತಾರೆ. ಮೇಲೆ ಸೇವು, ಕೊತ್ತಂಬರಿ, ಹಸಿ ಉಳ್ಳಾಗಡ್ಡಿ. ಚುರುಮುರಿ ಮೆತ್ತಗಾಗುವ ಮೊದಲು ಮುಗಿಸಬೇಕು, ಆದ್ದರಿಂದ ಫೋಟೋ ತೆಗೆಯುವವರ ಜೊತೆ ತಟ್ಟೆ ಹಂಚಿಕೊಂಡರೆ ಲಾಭ ನಮಗೇ. ಜೊತೆಗೆ ಮಿರ್ಚಿ ಭಜಿ ಇರಲೇಬೇಕು. ಆಮೇಲೆ ಖಡಕ್ ಚಹಾ, ಒಂದರಲ್ಲಿ ಎರಡು.

ಧಾರವಾಡದ ಪೇಡಾಕ್ಕೆ ಲೈನ್ ಬಜಾರಿಗೇ ಹೋದೆವು. ಉತ್ತರ ಪ್ರದೇಶದ ಉನ್ನಾವ್‌ನಿಂದ ಬಂದ ಠಾಕೂರ್ ಮನೆತನ ಈ ಊರಿಗೆ ಕೊಟ್ಟ ಸಿಹಿ ಅದು. ಈಗ ಭೌಗೋಳಿಕ ಗುರುತೂ (ಜಿಐ ಟ್ಯಾಗ್) ಸಿಕ್ಕಿದೆ. ಬಿಳಿ ಪೇಡಾ ತಿಂದು ಬೆಳೆದ ನಮಗೆ ಅದರ ಬಣ್ಣ ನೋಡಿದರೆ ಸೀದಿದೆಯೇನೋ ಅನ್ನಿಸುತ್ತದೆ. ಖೋವಾವನ್ನು ಕಂದು ತಿರುಗುವವರೆಗೆ ಹುರಿದಾಗ ಬರುವ ಆ ರುಚಿಯೇ ಅದರ ಜೀವ. ಹೊರಗೆ ಸಕ್ಕರೆ ಪುಡಿ ಇರುವುದರಿಂದ ಚಹಾಕ್ಕೆ ಸಕ್ಕರೆ ಬೇಡ ಅನ್ನಿ.

ಬೆಳಗಾವಿ ಅಲ್ಲಿಂದ ಸುಮಾರು 80 ಕಿ.ಮೀ. ದಾರಿಯಲ್ಲಿ ಕಿತ್ತೂರು ಕೋಟೆ ನೋಡಿ ಯಜಮಾನರ ಇತಿಹಾಸದ ಹಸಿವನ್ನೂ ತೀರಿಸಿದೆವು. ಬೆಳಗಾವಿಯಲ್ಲಿ ನಾಲಗೆಯ ದಿಕ್ಕೇ ಬದಲಾಗುತ್ತದೆ. ಮರಾಠಿ, ಕೊಂಕಣದ ಗಾಳಿ. ಮೀನೂಟದ ಕೊನೆಗೆ ಸೋಲ್‌ಕಡಿ ಕುಡಿದೆವು. ಕೋಕಂ ಹುಳಿ, ತೆಂಗಿನಹಾಲು, ಬೆಳ್ಳುಳ್ಳಿಯ ಸಣ್ಣ ಘಾಟು, ತಿಳಿ ಗುಲಾಬಿ ಬಣ್ಣ. ಈ ಪ್ರವಾಸದಲ್ಲಿ ಕುಡಿದದ್ದರಲ್ಲೆಲ್ಲ ನನಗೆ ಹಿಡಿಸಿದ್ದು ಇದು.

ಅಲ್ಲಿ ನೋಡಲೇಬೇಕಾದದ್ದು ಮಂಡಿಗೆ ಮಾಡುವ ಕೈ. ಸಕ್ಕರೆ ಹೂರಣ ತುಂಬಿದ ಕಣಕವನ್ನು ಲಟ್ಟಿಸಿ, ಎರಡೂ ಕೈಗಳ ಮೇಲೆ ಆಡಿಸುತ್ತಾ ಹಿಗ್ಗಿಸಿ, ಒಲೆಯ ಮೇಲೆ ಬೋರಲು ಹಾಕಿದ ಪಾತ್ರೆಗೆ ಹೊದಿಸುತ್ತಾರೆ. ಬಿಸಿಯಿರುವಾಗಲೇ ಮಡಿಸಿಬಿಡಬೇಕು, ಆರಿತೆಂದರೆ ಗರಿಗರಿ, ಮುಟ್ಟಿದರೆ ಪುಡಿ.

ಕಟ್ಟಿಸಿಕೊಂಡು ಬರುವವರಿಗೆ ಇಷ್ಟು: ಪೇಡಾ ಬೇಗ ಕೆಡುವುದಿಲ್ಲ, ಮೊದಲೇ ಕೊಳ್ಳಬಹುದು. ಬೆಳಗಾವಿಯ ಹಾಲಿನ ಸಿಹಿ ಕುಂದಾ ಹಸಿಯಾಗಿರುತ್ತದೆ, ಹೊರಡುವ ದಿನ ಕೊಂಡು ಮನೆ ಮುಟ್ಟಿದ ಕೂಡಲೇ ಫ್ರಿಜ್ಜಿಗಿಡಿ. ಮಂಡಿಗೆಗೆ ಕಾರಿನ ಹಿಂದಿನ ಸೀಟೇ ಬೇಕು. ನಮ್ಮ ಬ್ಯಾಗುಗಳು ನನ್ನ ಕಾಲಡಿಗೆ ಬಂದವು.