ಹಳೇ ಫೈಬರ್ ದೋಣಿ ರಿಪೇರಿ: ಮೊದಲು ಒಣಗಲಿ, ಆಮೇಲೆ ರೆಸಿನ್

"ಫೈಬರ್ ಅಲ್ವಾ, ಅದೇನು ಕೊಳೆಯತ್ತಾ?" ಎಂದು ಹಳೇ ದೋಣಿ ಕೊಂಡವರನ್ನು ಗಂಗೊಳ್ಳಿಯಿಂದ ಮಲ್ಪೆಯವರೆಗೆ ಎಷ್ಟೋ ಕಡೆ ನೋಡಿದ್ದೇನೆ. ಫೈಬರ್ ಕೊಳೆಯುವುದಿಲ್ಲ, ನಿಜ. ಅದರ ಹೊಟ್ಟೆಯಲ್ಲಿರುವ ಪ್ಲೈವುಡ್ ಕೊಳೆಯುತ್ತದೆ. ಎಂಜಿನ್ ಕೂರುವ ಹಿಂಬದಿ ಹಲಗೆ, ತಳದ ಉದ್ದಕ್ಕೂ ಇರುವ ಪಟ್ಟಿಗಳು, ಕಾಲಿಡುವ ನೆಲ, ಇವೆಲ್ಲ ಹಲವು ದೋಣಿಗಳಲ್ಲಿ ಮರದವೇ. ಮೇಲೆ ಫೈಬರಿನ ಹೊದಿಕೆ, ಅಂದರೆ ರೆಸಿನ್ ಎಂಬ ಗಟ್ಟಿಯಾಗುವ ಅಂಟಿನಲ್ಲಿ ನೆನೆಸಿದ ಗಾಜಿನ ಎಳೆ, ಅಷ್ಟೆ. ಒಂದು ಬೋಲ್ಟಿನ ಸುತ್ತ ಸೀಲಂಟ್ (ನೀರು ತಡೆಯುವ ಅಂಟು) ಬಿಟ್ಟುಕೊಂಡರೂ ನೀರು ಒಳಗೆ ಇಳಿಯುತ್ತದೆ. ಹೊರಗೆ ಬರಲು ಅದಕ್ಕೆ ದಾರಿಯಿಲ್ಲ.

ನಮ್ಮ ಪಕ್ಕದ ಮನೆಯವರು ಹದಿನೆಂಟು ಅಡಿಯ ದೋಣಿಗೆ ಒದ್ದೆ ಹಲಗೆಯ ಮೇಲೆಯೇ ಮ್ಯಾಟ್ (ಗಾಜಿನ ಎಳೆಗಳ ಹಾಸು) ಹಾಕಿಸಿದರು. ಎರಡು ದಿನದ ಕೆಲಸ, ನೋಡಲು ಚೆಂದ. ಮುಂದಿನ ವರ್ಷ ಆ ಹೊದಿಕೆ ಕಾವಲಿಯಿಂದ ದೋಸೆ ಎದ್ದ ಹಾಗೆ ಕೈಯಲ್ಲೇ ಎದ್ದು ಬಂತು. ಒಳಗಿನ ಪ್ಲೈ ನೆನೆದ ರಟ್ಟಿನಂತಾಗಿತ್ತು. ಅದರ ಮೇಲೆ ಸುಮಾರು 40 ಕೆ.ಜಿ. ಎಂಜಿನ್ ಹೊತ್ತು ಅವರು ಅಳಿವೆ ದಾಟುತ್ತಿದ್ದರು. ಈ ಲೇಖನ ಬರೆಯಲು ಅದೇ ಕಾರಣ.

ಯಾವಾಗ ಶುರು ಮಾಡಬೇಕು?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದಡದಲ್ಲಿ ರಿಪೇರಿಯ ಮಾತು ಶುರುವಾಗುವುದೂ ಆಗಲೇ. ಮರಗೆಲಸಕ್ಕೆ, ಎಂಜಿನ್ ಕೆಲಸಕ್ಕೆ ಅದು ಸರಿ. ತೇವ ಕುಡಿದ ಫೈಬರಿಗೆ ಮಾತ್ರ ಅದಕ್ಕಿಂತ ಕೆಟ್ಟ ಸಮಯ ಇಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅಂಗಿಯೇ ಒಣಗುವುದಿಲ್ಲ, ಹಲಗೆ ಒಣಗುತ್ತದೆಯೇ? ದೀಪಾವಳಿ ಕಳೆದ ಮೇಲೆ ಶುರು ಮಾಡಿ, ಏಪ್ರಿಲ್ ಒಳಗೆ ಮುಗಿಸಿ.

ನೀರು ಎಲ್ಲಿದೆ?

ಪ್ಲಾಸ್ಟಿಕ್ ಸುತ್ತಿಗೆಯಿಂದ ಅಂಗೈಯಗಲ ಬಿಟ್ಟು ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಕೆಟ್ಟ ಜಾಗ ಡಬ್ ಎನ್ನುತ್ತದೆ. ಡಬ್ ಎಂದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಆಮೇಲೆ ಒಳಮೈಯಿಂದ 5 ಮಿ.ಮೀ. ಡ್ರಿಲ್ ಹಾಕಿ, ಹೊರಮೈ ತೂತಾಗುವ ಮೊದಲೇ ನಿಲ್ಲಿಸಿ. ಬರುವ ಪುಡಿ ಒಣಗಿ ತಿಳಿ ಬಣ್ಣದಲ್ಲಿದ್ದರೆ ಸರಿ. ಕಪ್ಪಗಿದ್ದು, ಬೆರಳಿಗೆ ಅಂಟಿ, ಹುಳಿ ವಾಸನೆ ಬಂದರೆ ಅಲ್ಲಿ ಬಿಚ್ಚಲೇಬೇಕು.

ಆ ತೂತುಗಳಿಂದ ತೆಳ್ಳಗಿನ ರೆಸಿನ್ ಸುರಿದು ಮರವನ್ನು ಗಟ್ಟಿ ಮಾಡುತ್ತೇವೆ ಎನ್ನುವವರಿದ್ದಾರೆ. ಅವರ ಮಾತು ಕೇಳಬೇಡಿ. ನೀರು ತುಂಬಿದ ಜಾಗಕ್ಕೆ ರೆಸಿನ್ ಹೋಗುವುದಿಲ್ಲ. ಕಾರು ಟಿಂಕರಿಂಗಿನ ಪುಟ್ಟಿಯೂ ನೀರಿಗಿಳಿಯುವ ದೋಣಿಗೆ ಬೇಡ, ಅದೇ ನೀರು ಹೀರುತ್ತದೆ.

ಬಿಚ್ಚುವುದು

ಎಂಜಿನ್ ಇಳಿಸಿ. ದೋಣಿಯ ಅಡಿಗೆ ನಾಲ್ಕೈದು ಕಡೆ ಸಮನಾಗಿ ಆಧಾರ ಕೊಡಿ, ಇಲ್ಲವಾದರೆ ಹಲಗೆ ತೆಗೆದ ಕೂಡಲೇ ಆಕಾರ ಬಾಗುತ್ತದೆ. ಹಿಂಬದಿ ಹಲಗೆಯ ಅಳತೆಗೆ ರಟ್ಟು ಕತ್ತರಿಸಿಟ್ಟುಕೊಂಡು, ಒಳಮೈಯ ಫೈಬರನ್ನು ಮಾತ್ರ ಕತ್ತರಿಸಿ. ಹೊರಮೈ ಹಾಗೇ ಇರಲಿ. ಕೊಳೆತ ಪ್ಲೈಯನ್ನು ಪೂರ್ತಿ ಕೆತ್ತಿ ತೆಗೆಯಿರಿ. "ಇಷ್ಟು ಗಟ್ಟಿ ಇದೆ, ಇರಲಿ" ಎಂದು ಒದ್ದೆ ತುಂಡನ್ನು ಉಳಿಸಬೇಡಿ. ನೆಲದಡಿ ಫೋಮ್ ಇದ್ದರೆ ಹಿಂಡಿ ನೋಡಿ. ನೀರು ಬಂದರೆ ಅದನ್ನೂ ತೆಗೆಯಿರಿ. ಹಿಡಿದಿಟ್ಟ ಒಂದೊಂದು ಲೀಟರ್ ನೀರೂ ಒಂದೊಂದು ಕಿಲೋ ಭಾರ.

ಗ್ರೈಂಡರ್ ಹಿಡಿಯುವಾಗ ಮಾಸ್ಕ್, ಕನ್ನಡಕ, ಉದ್ದ ತೋಳಿನ ಅಂಗಿ ಬೇಕೇ ಬೇಕು. ತುರಿಕೆ ಆಗದಿರಲೆಂದು ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಬೇಡಿ. ಎಣ್ಣೆಗೈ ತಾಗಿದ ಕಡೆ ರೆಸಿನ್ ಹಿಡಿಯುವುದಿಲ್ಲ.

ಒಣಗಿಸುವುದು

ಎಲ್ಲರೂ ಸೋಲುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ಬಿಚ್ಚಿದ ಜಾಗವನ್ನು ಮೊದಲು ಸಿಹಿನೀರಿನಲ್ಲಿ ತೊಳೆಯಿರಿ. ಒಣಗಿಸಬೇಕಾದ್ದನ್ನೇ ತೊಳೆಯುವುದಾ ಎನ್ನಬಹುದು. ಉಪ್ಪು ಗಾಳಿಯ ತೇವವನ್ನು ಎಳೆಯುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರಾಗುವುದು ನೋಡಿಲ್ಲವೇ? ಫೈಬರಿನ ಸಂದಿಯಲ್ಲಿ ಉಪ್ಪು ಉಳಿದರೆ ಎಷ್ಟು ದಿನ ಇಟ್ಟರೂ ಅದು ಮತ್ತೆ ಮತ್ತೆ ಒದ್ದೆಯಾಗುತ್ತದೆ. ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ತೊಳೆಯಿರಿ. ನಾನು ಮೂರು ಸಲ ತೊಳೆಯುತ್ತೇನೆ.

ದೋಣಿಯ ಮುಂಭಾಗ ಸ್ವಲ್ಪ ಎತ್ತರಿಸಿ, ತಳದ ಬಿರಡೆ ತೆಗೆದಿಡಿ. ಮೇಲೆ ಟಾರ್ಪಾಲಿನ ಚಪ್ಪರ ಹಾಕಿ, ಎರಡೂ ತುದಿ ತೆರೆದಿರಲಿ. ಒಂದು ತುದಿಯಲ್ಲಿ ಫ್ಯಾನ್ ಇಟ್ಟರೆ ಗಾಳಿ ಒಳಹೊಕ್ಕು ಇನ್ನೊಂದು ತುದಿಯಿಂದ ಹೊರಡುತ್ತದೆ. ಟಾರ್ಪಾಲನ್ನು ದೋಣಿಗೇ ಬಿಗಿದು ಕಟ್ಟಿದರೆ ಒಳಗೆ ಬೆವರುತ್ತದೆ. ರಾತ್ರಿ ಇಬ್ಬನಿ ಬೀಳುವ ಹೊತ್ತಿಗೆ ಹಳೇ ಕಾಲದ 100 ವಾಟಿನ ಬಲ್ಬು ಒಂದೆರಡು ಉರಿಸಿದರೆ ಸಾಕು. ಬಲ್ಬು ಟಾರ್ಪಾಲಿಗಾಗಲಿ ಫೋಮಿಗಾಗಲಿ ತಾಗದಂತೆ ತೂಗುಹಾಕಿ. ಗ್ಯಾಸ್ ಬೆಂಕಿ ಹಿಡಿಯುವುದು, ಹೀಟ್ ಗನ್ ಹಿಡಿಯುವುದು ಬೇಡವೇ ಬೇಡ. ಮೇಲ್ಮೈ ಸುಟ್ಟು, ಒಳಗಿನ ನೀರು ಆವಿಯಾಗಿ, ಚೆನ್ನಾಗಿದ್ದ ಪದರಗಳೂ ಬಿಟ್ಟುಕೊಳ್ಳುತ್ತವೆ.

ಒಣಗಿತೇ ಎಂದು ತಿಳಿಯುವುದು ಹೇಗೆ? ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಸಂಜೆ ಆ ಜಾಗಕ್ಕಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ. ಮರುದಿನ ಸಂಜೆ ನೋಡಿ. ಒಳಮೈಯಲ್ಲಿ ಹನಿ ಕಟ್ಟಿದ್ದರೆ ಇನ್ನೂ ಒದ್ದೆ. ತೇವ ಅಳೆಯುವ ಮೀಟರ್ ಇದ್ದರೆ ವಾರಕ್ಕೊಮ್ಮೆ ಅದೇ ಗುರುತಿನ ಮೇಲೆ ಹಿಡಿದು ಪುಸ್ತಕದಲ್ಲಿ ಬರೆದಿಡಿ. ಫೈಬರಿನ ಮೇಲೆ ಮೀಟರ್ ತೋರಿಸುವ ಸಂಖ್ಯೆಯನ್ನೇ ನಂಬಬೇಡಿ, ಅದು ಇಳಿಯುತ್ತಿದೆಯೇ ಎಂಬುದನ್ನು ನೋಡಿ. ಎರಡು ವಾರ ಇಳಿಯದೆ ನಿಂತು, ಪ್ಲಾಸ್ಟಿಕ್ಕಿನಲ್ಲೂ ಹನಿ ಕಾಣದಿದ್ದರೆ ಮುಂದಿನ ಕೆಲಸಕ್ಕೆ ಹೋಗಿ. ಇದಕ್ಕೆ ತಿಂಗಳು ಹಿಡಿಯಬಹುದು, ಎರಡೂ ಹಿಡಿಯಬಹುದು. ಕೆಲಸದವರು ಅವಸರ ಮಾಡಿದರೆ ಕಳುಹಿಸಿಬಿಡಿ.

ಹೊಸ ಹಲಗೆ, ಹೊಸ ಪದರ

ಪ್ಲೈ ಮೇಲೆ 710 ಎಂಬ ಐಎಸ್ ಗುರುತು ಇರಬೇಕು. ಅದು ಮರೈನ್ ಪ್ಲೈ. ಅಲಮಾರಿಗೆ ಹಾಕುವ ಕಮರ್ಷಿಯಲ್ ಪ್ಲೈ ಬೇಡ. ನಾನು 18 ಮಿ.ಮೀ.ನ ಎರಡು ಹಲಗೆ ಅಂಟಿಸಿ ಬಳಸುತ್ತೇನೆ. ಒಳಗಿಡುವ ಮೊದಲು ಆರೂ ಮುಖಕ್ಕೆ ರೆಸಿನ್ ಕುಡಿಸಿ, ಕಡಿದ ಅಂಚುಗಳಿಗೆ ಎರಡೆರಡು ಸಲ.

ರೆಸಿನ್ನಿನಲ್ಲಿ ಪಾಲಿಯೆಸ್ಟರ್, ಎಪಾಕ್ಸಿ ಎಂಬ ಬಗೆಗಳಿವೆ. ಮರಕ್ಕೆ ನನ್ನ ಆಯ್ಕೆ ಎಪಾಕ್ಸಿ. ದುಬಾರಿ, ಆದರೆ ಹಿಡಿತ ಜಾಸ್ತಿ. ಅದರ ಜೊತೆ ಸಾದಾ ಮ್ಯಾಟ್ ಬಳಸಬೇಡಿ. ಮ್ಯಾಟಿನ ಎಳೆಗಳನ್ನು ಹಿಡಿದಿರುವ ಅಂಟು ಪಾಲಿಯೆಸ್ಟರ್ ರೆಸಿನ್ನಿನಲ್ಲಿರುವ ಸ್ಟೈರೀನ್ ಎಂಬ ದ್ರವಕ್ಕೆ ಕರಗುವಂಥದ್ದು, ಎಪಾಕ್ಸಿಗೆ ಕರಗುವುದಿಲ್ಲ. ನೇಯ್ದ ಬಟ್ಟೆ ತೆಗೆದುಕೊಳ್ಳಿ.

ಪಾಲಿಯೆಸ್ಟರ್ ಬಳಸುವವರು ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ರೆಸಿನ್ ಗಟ್ಟಿಯಾಗಲು ಹಾರ್ಡನರ್, ಅದು ಬೇಗ ಆಗಲು ಕೋಬಾಲ್ಟ್ ಹಾಕುತ್ತಾರೆ. ಕೋಬಾಲ್ಟನ್ನೂ ಹಾರ್ಡನರನ್ನೂ ಎಂದೂ ನೇರವಾಗಿ ಬೆರೆಸಬಾರದು, ಸಿಡಿಯುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್. ಒಂದು ಕೆ.ಜಿ. ರೆಸಿನ್ನಿಗೆ 10ರಿಂದ 20 ಗ್ರಾಂ ಹಾರ್ಡನರ್. ಬಿಸಿಲಿನ ದಿನ 10 ಸಾಕು, ಅದಕ್ಕಿಂತ ಇಳಿಸಿದರೆ ಅಂಟಂಟಾಗಿ ಉಳಿಯುತ್ತದೆ. ಕಣ್ಣಳತೆ ಬೇಡ, ತಕ್ಕಡಿ ಇಟ್ಟುಕೊಳ್ಳಿ.

ಹಳೇ ಫೈಬರಿನ ಅಂಚನ್ನು ಇಳಿಜಾರಾಗಿ ಉಜ್ಜಬೇಕು. ದಪ್ಪದ ಹನ್ನೆರಡು ಪಟ್ಟು ಅಗಲ ನನ್ನ ಲೆಕ್ಕ. 6 ಮಿ.ಮೀ. ದಪ್ಪಕ್ಕೆ ಸುಮಾರು 7 ಸೆಂ.ಮೀ. ಬೇಕು. ಎರಡು ಬೆರಳಗಲ ಉಜ್ಜಿ ಮ್ಯಾಟ್ ಹೊದಿಸಿದರೆ ಎಂಜಿನ್ ನಡುಗುವಾಗ ಅದೇ ಗೆರೆಯಲ್ಲಿ ಬಿರಿಯುತ್ತದೆ. ಪದರ ಹಾಕುತ್ತಾ ರೋಲರಿನಿಂದ ಗಾಳಿ ಹೊರಡಿಸಿ. ಬಿಳಿ ಕಂಡಲ್ಲಿ ರೆಸಿನ್ ಸೇರಿಲ್ಲ ಎಂದರ್ಥ.

ಬಣ್ಣ ನಿಮ್ಮಿಷ್ಟ.

ಬೋಲ್ಟ್ ತೂತುಗಳು

ನೀರು ಮೊದಲು ನುಗ್ಗಿದ್ದು ಇಲ್ಲಿಂದಲೇ. 10 ಮಿ.ಮೀ. ಬೋಲ್ಟಿಗೆ 16 ಮಿ.ಮೀ. ತೂತು ಕೊರೆದು, ಗಟ್ಟಿ ಕಲಸಿದ ಎಪಾಕ್ಸಿ ತುಂಬಿ, ಆರಿದ ಮೇಲೆ ಅದರ ನಡುವೆ 10ರ ತೂತು ಹಾಕಿ. ಆಗ ಸೀಲಂಟ್ ಸೋತರೂ ನೀರು ಮರಕ್ಕೆ ತಲುಪುವುದಿಲ್ಲ. ಸೀಲಂಟ್ ಪಾಲಿಯುರೆಥೇನ್ ಇರಲಿ. ಬಾತ್‌ರೂಮಿನ ಸಿಲಿಕೋನ್ ಹಚ್ಚಿದ ಜಾಗದಲ್ಲಿ ಮುಂದೆ ಬಣ್ಣವೂ ನಿಲ್ಲುವುದಿಲ್ಲ. ನೀರಿಗಿಳಿಸಿದ ಮೊದಲ ದಿನ ಹೊಳೆಯಲ್ಲೇ ಎರಡು ಗಂಟೆ ಓಡಿಸಿ, ದಡಕ್ಕೆ ಬಂದು ಎಂಜಿನ್ನಿನ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ.