ಓಣಿಯ ಮರಕ್ಕೆ ಬೆಳ್ಳಕ್ಕಿ ಬಂದಿವೆಯಾ? ಹಿಕ್ಕೆಯಿಂದ ಶುರು ಮಾಡಿ

ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ತುದಿಗೆ ಒಂದು ದೊಡ್ಡ ಮಳೆಮರ ಇದೆ. ಕೆಳಗೆ ಗಿರ್ಮಿಟ್ ಗಾಡಿ, ಪಂಕ್ಚರ್ ಅಂಗಡಿ, ಸಾಲಾಗಿ ನಿಂತ ಬೈಕುಗಳು. ಮೇಲೆ ಬೆಳ್ಳಕ್ಕಿ. ಹೊತ್ತು ಮುಳುಗುವಾಗ ಉಣಕಲ್ ಕೆರೆ ಕಡೆಯಿಂದ ಹತ್ತು ಹನ್ನೆರಡರ ಗುಂಪಾಗಿ ಬಂದು, ಜಾಗಕ್ಕೆ ಜಗಳ ಆಡಿ, ಕತ್ತಲಾದ ಮೇಲೆ ಸುಮ್ಮನಾಗುತ್ತವೆ. ನಾನು ಖುಷಿಯಲ್ಲಿ 'ಹಕ್ಕಿ ಉಳಿಸಿ' ಅಂತ ಬೋರ್ಡ್ ಬರೆಸಿ ನಿಲ್ಲಿಸಿದೆ. ಮರುದಿನ ಪಂಕ್ಚರ್ ಅಂಗಡಿ ಕಾಕಾ ಕರೆದು, "ಸರ, ಬೋರ್ಡು ಚಲೋ ಆಗೇತ್ರಿ, ಆದ್ರ ಗಿರಾಕಿ ಸೀಟ್ ಯಾರ್ ಒರಸೋರ್ರೀ?" ಅಂದರು.

ಕಾಕಾನ ಮಾತೇ ಸರಿ. ಮರ ಕಡಿಸಿ ಅಂತ ಅರ್ಜಿ ಹೋಗೋದು ಹಕ್ಕಿ ಮೇಲಿನ ಸಿಟ್ಟಿಗಲ್ಲ, ಹಿಕ್ಕೆಗೆ. ಅದಕ್ಕೇ ಬೋರ್ಡು ಆಮೇಲೆ. ಮೊದಲು ಮರದ ಕೆಳಗೆ ದುಡಿಯುವವರ ಜೊತೆ ಚಹಾ ಕುಡಿಯಿರಿ, ಬೈಕ್ ನಿಲ್ಲಿಸಲು ಹತ್ತು ಮಾರು ಆಚೆ ಜಾಗ ಹುಡುಕಿ, ಓಣಿಯವರೆಲ್ಲ ದುಡ್ಡಿನ ಪಟ್ಟಿ ಹಾಕಿ ಗಾಡಿಯ ಮೇಲೆ ಒಂದು ತಾಡಪತ್ರಿ ಕಟ್ಟಿಸಿಕೊಡಿ. ಬೆಳಿಗ್ಗೆ ಹಕ್ಕಿ ಹಾರಿಹೋದ ಮೇಲೆ ಕಸ ಗುಡಿಸಿ, ಆದರೆ ಒಣ ಹಿಕ್ಕೆ ಗುಡಿಸಬೇಡಿ. ಧೂಳು ಎದೆಗೆ ಹೋದರೆ ಕಾಯಿಲೆ ಬರಬಹುದು. ಮೊದಲು ನೀರು ಚಿಮುಕಿಸಿ, ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗುಡಿಸಿ. ಬಂದದ್ದನ್ನು ಒಣ ಎಲೆ ಜೊತೆ ಗುಂಡಿಗೆ ಹಾಕಿದರೆ ಒಳ್ಳೆ ಗೊಬ್ಬರ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನವರು ಈ ಹಿಕ್ಕೆಯನ್ನು ಹೊಲಕ್ಕೆ ಹಾಕಿಕೊಂಡೇ ಹೆಜ್ಜಾರ್ಲೆಗಳ (ಪೆಲಿಕನ್ ಹಕ್ಕಿಗಳ) ಜೊತೆ ಬಾಳಿದವರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶ ಆಯಿತು.

ಆಮೇಲೆ ಎಣಿಕೆ. ಹದಿನೈದು ದಿನಕ್ಕೊಮ್ಮೆ, ಸೂರ್ಯ ಮುಳುಗುವ ಒಂದು ತಾಸು ಮೊದಲು, ದಿಕ್ಕಿಗೊಬ್ಬರಂತೆ ನಿಂತುಕೊಳ್ಳಿ. ಮರದ ಮೇಲೆ ಕೂತ ಹಕ್ಕಿ ಎಣಿಸಲು ಹೋದರೆ ತಲೆ ಕೆಡುತ್ತೆ. ಬರುವಾಗಲೇ ಎಣಿಸಿ. ಗುಂಪು ದೊಡ್ಡದಿದ್ದರೆ ಹತ್ತು ಹಕ್ಕಿ ಆಕಾಶದಲ್ಲಿ ಎಷ್ಟು ಜಾಗ ಹಿಡಿಯುತ್ತವೆ ನೋಡಿಕೊಂಡು, ಆ ಅಳತೆಯಲ್ಲೇ ಉಳಿದದ್ದನ್ನು ಅಂದಾಜು ಮಾಡಿ. ತಾರೀಖು, ಹೊತ್ತು, ಮೋಡ ಇತ್ತೋ ಇಲ್ಲವೋ ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಹಕ್ಕಿ ಎಣಿಕೆ ದಾಖಲಿಸುವ ಈ-ಬರ್ಡ್ ಆ್ಯಪ್‌ಗೂ ಹಾಕಬಹುದು, ದುಡ್ಡಿಲ್ಲ.

ಈ ನೋಟ್‌ಬುಕ್ ಯಾಕೆ ಬೇಕು ಅಂದರೆ, ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಟೊಂಗೆ ಕಡಿಯಲು ಜನ ಬಂದೇ ಬರುತ್ತಾರೆ. ಬೇಸಿಗೆಯಲ್ಲಿ ಕಡಿದರೆ ಅಷ್ಟು ತೊಂದರೆ ಇಲ್ಲ. ಜೂನ್ ಹೊತ್ತಿಗೆ ಬೆಳ್ಳಕ್ಕಿಯ ತಲೆ, ಕುತ್ತಿಗೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ. ಹಾಗೆ ಕಂಡರೆ ಗೂಡು ಕಟ್ಟೋ ಕಾಲ ಬಂತು ಅಂತಲೇ ತಿಳಿಯಿರಿ. ಆಮೇಲೆ ಒಂದು ಟೊಂಗೆ ಬಿದ್ದರೂ ರೆಕ್ಕೆ ಬಲಿಯದ ಮರಿಗಳು ರಸ್ತೆಗೆ. ಹಾಗಾಗಿ ಮಾರ್ಚ್‌ನಲ್ಲೇ ಪಾಲಿಕೆಗೂ ಕರೆಂಟಿನವರಿಗೂ ಎಣಿಕೆಯ ನಕಲು ಸೇರಿಸಿ ಅರ್ಜಿ ಕೊಟ್ಟು, ಸ್ವೀಕೃತಿಗೆ ಸೀಲ್ ಹಾಕಿಸಿಕೊಳ್ಳಿ. ಬಾಯಿಮಾತು ನೆಚ್ಚಬೇಡಿ, ನಾನು ಒಮ್ಮೆ ನೆಚ್ಚಿ ಕೆಟ್ಟಿದ್ದೇನೆ. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. 1972ರ ವನ್ಯಜೀವಿ ಕಾಯ್ದೆಯಲ್ಲಂತೂ ಕಾಡುಹಕ್ಕಿಯ ಮೊಟ್ಟೆ, ಗೂಡು ಕೆಡಿಸುವುದೂ ಬೇಟೆಯ ಲೆಕ್ಕವೇ. ಇದನ್ನು ಜಗಳದ ದನಿಯಲ್ಲಿ ಹೇಳಬೇಡಿ, ಅರ್ಜಿಯಲ್ಲಿ ಬರೆದರೆ ಸಾಕು. ಮರಿ ಬಿದ್ದು ಸಿಕ್ಕರೆ ಬಾಯಿಗೆ ನೀರು ಹೊಯ್ಯಬೇಡಿ. ರಟ್ಟಿನ ಡಬ್ಬದಲ್ಲಿ ಇಟ್ಟು ಅರಣ್ಯ ಇಲಾಖೆಗೆ ಫೋನ್ ಮಾಡಿ.

ಇನ್ನು ಓಣಿಯ ಹಕ್ಕಿ ಹಬ್ಬ. ನವೆಂಬರ್ 12 ಪಕ್ಷಿತಜ್ಞ ಸಲೀಂ ಅಲಿ ಹುಟ್ಟಿದ ದಿನ, ನೆಪಕ್ಕೆ ಚಲೋ ದಿನ. ಮರಕ್ಕೆ ಸೀರಿಯಲ್ ಲೈಟ್ ಸುತ್ತಬೇಡಿ, ಡಿಜೆ ಬೇಡ, ಡ್ರೋನ್ ಅಂತೂ ಬೇಡವೇ ಬೇಡ. (ಗಣಪತಿ ಮಂಡಳಿಯವರನ್ನೂ ಮೊದಲೇ ಕಂಡು, ಸ್ಪೀಕರ್ ಮರಕ್ಕೆ ಕಟ್ಟದಂತೆ ಕೇಳಿಕೊಳ್ಳಿ. ಆಗಿನ್ನೂ ಗೂಡಿನಲ್ಲಿ ಮರಿ ಇರಬಹುದು.) ಸಂಜೆ ಐದಕ್ಕೆ ಎದುರಿನ ಮನೆಯ ಮಾಳಿಗೆ ಮೇಲೆ ಮಕ್ಕಳನ್ನು ಕೂರಿಸಿ, ಎಣಿಕೆ ಅವರ ಕೈಗೇ ಕೊಡಿ. ಮೈಕ್ ಇಲ್ಲದೆ ಭಾಷಣ ಮಾಡಲು ಒಪ್ಪುವವರನ್ನಷ್ಟೇ ಕರೆಯಿರಿ, ಪಟ್ಟಿ ತಾನೇ ಚಿಕ್ಕದಾಗುತ್ತೆ! ಗಿರ್ಮಿಟ್, ಮಿರ್ಚಿ ಮಾತ್ರ ಮರದ ಕೆಳಗಿನ ಗಾಡಿಯವರಿಗೇ ಹೇಳಿ, ಒಂದು ದಿನ ಮುಂಚೆ. ಐವತ್ತು ಜನ ಅಂದುಕೊಂಡಿದ್ದೆವು, ಓಣಿ ಪೂರ್ತಿ ಬಂದು ಚುರುಮುರಿ ಖಾಲಿಯಾಯಿತು.