ಹಿಂದೆ ಕೋಟಿಲ್ಲದ ಲಿಮೋಜ್ ಎನಾಮೆಲ್: ಹದಿನೇಳು ಪ್ಲೇಟು ಹಾಳು ಮಾಡಿದ ಮೇಲೆ ನನ್ನ ಅನುಭವ

ಕಿಟಕಿ ಹತ್ರ ಹೀಟರ್ ಮೇಲಿಟ್ಟಿದ್ದ, ಹಿಂಬದಿಗೆ ಎನಾಮೆಲ್ ಕೋಟು ಹಾಕದ ತಾಮ್ರದ ಪ್ಲೇಟಿಗೆ ಹೋದ ವಾರ ಒಂದು ವರ್ಷ ತುಂಬ್ತು. ಕೂದಲೆಳೆಯಷ್ಟೂ ಬಿರುಕಿಲ್ಲ, ಅದಕ್ಕೇ ಈಗ ಬರೀತಿದೀನಿ. ಮೊದಲೇ ಬರೆದಿದ್ರೆ "ತಾಳು ಮಾರಾಯ, ಒಂದು ಚಳಿಗಾಲ ಕಳೀಲಿ" ಅಂತ ಎಲ್ಲರೂ ನಗ್ತಿದ್ರು.

ಹೆಂಡತಿ ಕೆಲಸದ ದೆಸೆಯಿಂದ ನಾವು ಫ್ರಾನ್ಸಿನ ಲಿಮೋಜ್‌ಗೆ ಬಂದು ಆರು ವರ್ಷ. ನಮ್ಮದು ಹಾಸನದ ಅಕ್ಕಸಾಲಿ ಮನೆತನ, ಅಪ್ಪನ ಪಕ್ಕ ಕೂತು ಉಳಿ ಹಿಡಿಯೋದು ಕಲಿತವನು ನಾನು, ಇಲ್ಲಿಗೆ ಬಂದು ಹಳೇ ಬಿಷಪ್ ಅರಮನೆಯ ಮ್ಯೂಸಿಯಮ್ಮಲ್ಲಿ ಆ 12-13ನೇ ಶತಮಾನದ ಎನಾಮೆಲ್ ನೀಲಿ ನೋಡಿದ ದಿನವೇ ತಲೆ ಕೆಡ್ತು. ಈ ಕೆಲಸಕ್ಕೆ ಶಾಂಪ್‌ಲವೆ ಅಂತಾರೆ, ತಾಮ್ರದಲ್ಲಿ ಗುಳಿ ತೋಡಿ, ಬಣ್ಣದ ಗಾಜಿನ ಪುಡಿ ತುಂಬಿ ಸುಡೋದು. ಇದಕ್ಕಿಂತ ಹೆಚ್ಚು ಪಾಠ ಮಾಡಲ್ಲ.

ಜಗಳ ಇದ್ದಿದ್ದು ಒಂದೇ ವಿಷಯಕ್ಕೆ. ಹಿಂಬದಿಗೂ ಎನಾಮೆಲ್ ಕೋಟು ಹೊಡೀಲೇಬೇಕು, ಇಲ್ದಿದ್ರೆ ಪ್ಲೇಟು ಸೊಟ್ಟ ಆಗಿ ಮುಂದಿನದು ಎದ್ದು ಬರುತ್ತೆ ಅಂತ ಇಲ್ಲಿ ಕಲಿಸೋರೆಲ್ಲ ಹೇಳೋ ಮಾತು. ಆದ್ರೆ ಆ 12-13ನೇ ಶತಮಾನದ ಲಿಮೋಜ್ ಪ್ಲೇಟುಗಳನ್ನ ತಿರುಗಿಸಿ ನೋಡಿದ್ರೆ ಹಿಂದೆ ಬರೀ ತಾಮ್ರ. ಅವರಿಗೆ ಆಗಿದ್ದು ನಮಗ್ಯಾಕೆ ಆಗಲ್ಲ ಅಂತ ಕೇಳಿದ್ರೆ ಇಲ್ಲಿನ ಹಿರಿಯ ಎನಾಮೆಲ್ ಕೆಲಸದೋರೊಬ್ರು "ಆಗಿನ ಗಾಜೇ ಬೇರೆ" ಅಂತ ಮುಗಿಸಿಬಿಟ್ರು. ಗಾಜು ಬೇರೆ ಅನ್ನೋದೇನೋ ನಿಜ, 12ನೇ ಶತಮಾನದ ಥಿಯೋಫಿಲಸ್ ಅನ್ನೋ ಸನ್ಯಾಸಿನೇ ಬರೆದಿಟ್ಟಿದಾನೆ, ಹಳೇ ಕಟ್ಟಡಗಳ ಮೊಸಾಯಿಕ್ ಗಾಜನ್ನ ಫ್ರೆಂಚರು ಕರಗಿಸಿ ನೀಲಿ ಗಾಜು ಮಾಡ್ಕೋತಾರೆ ಅಂತ. ಆದ್ರೆ ನನಗೆ ಅನುಮಾನ ಇದ್ದಿದ್ದು ಗಾಜಿನ ಮೇಲಲ್ಲ, ತಾಮ್ರದ ದಪ್ಪದ ಮೇಲೆ.

ಮೊದಲ ಐದು ಪ್ಲೇಟು 1 ಮಿ.ಮೀ. ತಗಡಲ್ಲಿ ಮಾಡಿದೆ, ದುಡ್ಡು ಉಳಿಸೋಕೆ. ಐದೂ ಹಪ್ಪಳದ ಥರ ಎದ್ದವು. ಆಮೇಲೆ 1.5, ಆಮೇಲೆ 2. ಈ 2 ಮಿ.ಮೀ.ದು ಮೋಸ ಮಾಡಿದ್ದು ನೋಡಿ, ಒಲೆಯಿಂದ ತೆಗೆದಾಗ ಕನ್ನಡಿ ಹಾಗಿತ್ತು, ಹೆಂಡತಿಗೂ ತೋರಿಸಿ ಊಟದ ಟೇಬಲ್ ಮೇಲೇ ಇಟ್ಟು ಮಲಗಿದೆ, ರಾತ್ರಿ ಎರಡು ಗಂಟೆಗೆ ಟಿಕ್ ಅಂತ ಸದ್ದು, ಸ್ವಲ್ಪ ಹೊತ್ತಿಗೆ ಇನ್ನೊಂದು ಟಿಕ್. ಬೆಳಗ್ಗೆ ನೋಡಿದ್ರೆ ಪ್ಲೇಟಲ್ಲಿ ಕೆತ್ತಿದ್ದ ಸಂತನ ಮೊಣಕಾಲಿಂದ ಒಂದು ನೀಲಿ ಚೂರು ಸಕ್ಕರೆ ಡಬ್ಬಿ ಪಕ್ಕ ಬಿದ್ದಿತ್ತು. ಕೈಯಲ್ಲಿ ಕೆತ್ತಿದ್ದು, ಹನ್ನೊಂದು ದಿನದ ಕೆಲಸ.

ಕೊನೆಗೆ 3 ಮಿ.ಮೀ.ಗೆ ಹೋದೆ. ಅಂಗೈ ಅಗಲದ ಪ್ಲೇಟೇ ಹೆಚ್ಚುಕಮ್ಮಿ ನಾನೂರು ಗ್ರಾಂ ತೂಗುತ್ತೆ. ಗುಳಿ ಆಳ ಸುಮಾರು 1 ಮಿ.ಮೀ., ತಳದಲ್ಲಿ ಇನ್ನೂ ಎರಡು ಉಳೀಬೇಕು. ಆಸಿಡ್ಡಲ್ಲಿ ತಿನ್ನಿಸಿ ಟೈಮ್ ಉಳಿಸೋಣ ಅಂತ ಮೂರು ಸಲ ನೋಡಿದೆ, ಗೋಡೆಗಳ ಬುಡವನ್ನೂ ತಿಂದುಬಿಡುತ್ತೆ, ಆ ಸಂದಲ್ಲಿ ಗಾಳಿ ಕೂತು ಸುಡುವಾಗ ಗುಳ್ಳೆ. ಈಗ ಅರಗಿನ ಮೇಲೆ ಕೂರಿಸಿ ಉಳಿಯಲ್ಲೇ ಕೆತ್ತೋದು. ತಳವನ್ನ ನುಣುಪು ಮಾಡಬೇಡಿ, ಉಳಿ ಗೀರು ಹಾಗೇ ಇರಲಿ, ಗಾಜು ಅದನ್ನೇ ಕಚ್ಚಿ ಕೂರುತ್ತೆ. ಗೀರು ಯಾವ ದಿಕ್ಕಿಗೆ ಹಾಕ್ತೀನಿ ಅನ್ನೋದನ್ನ ಮಾತ್ರ ಹೇಳಲ್ಲ, ಅದಕ್ಕೇ ನಂದು ಒಂದೂವರೆ ವರ್ಷ ಹೋಗಿದೆ.

ಸುಡೋದು 820 ಡಿಗ್ರಿ ಆಸುಪಾಸು. ತೆಳು ತಗಡಿಗೆ ಎರಡೂವರೆ ನಿಮಿಷ ಸಾಕಾಗಿತ್ತು, ಇದಕ್ಕೆ ಆರೇಳು ಬೇಕು, ತಾಮ್ರವೇ ಶಾಖ ಕುಡಿದುಬಿಡುತ್ತೆ. ಒಂದೇ ಗುಳಿಯಲ್ಲಿ ಕಡುನೀಲಿ, ತಿಳಿನೀಲಿ, ಬಿಳಿ ಪಕ್ಕಪಕ್ಕ, ಮಧ್ಯೆ ತಂತಿ ಗಿಂತಿ ಏನಿಲ್ಲ, ಹಳಬರ ಹಾಗೇ. ಸಣ್ಣ ಧೂಳೆಲ್ಲ ತೊಳೆದು ಹೋಗಿರ್ಬೇಕು, ಇಲ್ದಿದ್ರೆ ಬಣ್ಣ ಬಣ್ಣಕ್ಕೆ ಹರಿಯುತ್ತೆ. ಪುಡಿ ನೆನೆಸೋ ನೀರಿಗೆ ಒಂದು ಸಾಮಾನು ಹಾಕ್ತೀನಿ, ಅಡುಗೆಮನೆಯದೇ, ಹುಡುಕ್ಕೊಳ್ಳಿ. ಮೂರ್ನಾಲ್ಕು ಸಲ ತುಂಬಿ ಸುಟ್ಟು, ಕಲ್ಲಲ್ಲಿ ನೀರು ಬಿಟ್ಟು ಉಜ್ಜಿ ತಾಮ್ರದ ಮಟ್ಟಕ್ಕೆ ತರೋದು. ಕೆಂಪನ್ನ ಕೊನೇ ಸುತ್ತಿಗೆ ಇಡಿ, ಜಾಸ್ತಿ ಸುಟ್ರೆ ಅಂಚು ಕಪ್ಪಾಗುತ್ತೆ. ಮತ್ತೆ ಒಲೆಯಿಂದ ತೆಗೆದ ತಕ್ಷಣ ಟೈಲ್ಸ್ ಮೇಲೆ ಇಡೋ ಚಪಲ ಬಿಡಿ. ಒಲೆ ಆಫ್ ಮಾಡಿ ಅದರೊಳಗೇ ಬಿಟ್ಟು ಮಲಗಿ. ನನ್ನ 3 ಮಿ.ಮೀ.ನ ಮೊದಲ ಎರಡು ಪ್ಲೇಟು ಹೋಗಿದ್ದು ಆ ಚಪಲದಿಂದಲೇ.

ತಾಮ್ರ ಕಪ್ಪಾಗೋದಕ್ಕೆ ನಾನು ಹುಣಸೆಹಣ್ಣು ಹಚ್ಚಿದೆ, ಅಮ್ಮ ಪೂಜೆ ಚೊಂಬು ತೊಳೆಯೋ ಹಾಗೆ. ತಾಮ್ರ ಫಳಫಳ ಅಂತು. ಆದ್ರೆ ಹಠಕ್ಕೆ ಒಂದು ರಾತ್ರಿ ಹಾಗೇ ನೆನೆಸಿಟ್ಟೆ, ತಿಳಿಹಸಿರು ಎನಾಮೆಲ್ ಮಂಕಾಗಿ ಹೋಯ್ತು. ಐದು ನಿಮಿಷ ಹಚ್ಚಿ ತೊಳೆದುಬಿಡಿ ಸಾಕು.

ಇನ್ನು ಚಿನ್ನ. ಆ ಕಾಲದಲ್ಲಿ ಎನಾಮೆಲ್ ಮುಗಿದ ಮೇಲೆ ಪಾದರಸದ ಮುಲಾಮು, ಅಂದ್ರೆ ಚಿನ್ನವನ್ನ ಪಾದರಸದಲ್ಲಿ ಕಲಸಿ ಬಳಿದು ಕಾಯಿಸೋದು. ನಾನದನ್ನ ಮಾಡಲ್ಲ. ನಮ್ಮ ದೊಡ್ಡಪ್ಪ ದೇವಸ್ಥಾನದ ಕಳಸಗಳಿಗೆ ಮುಲಾಮು ಹಾಕೀ ಹಾಕೀ ಕೊನೆಕೊನೆಗೆ ಕಾಫಿ ಲೋಟ ಹಿಡಿಯೋಕೂ ಕೈ ನಡುಗೋದು, ಬಸಿಗೆ ಸುರ್ಕೊಂಡು ನಗೋರು. ಅದನ್ನ ನೋಡಿ ಬೆಳೆದವನು ನಾನು. ಹಾಗಾಗಿ ಒಂದು ಗಿಲೀಟು ಅಂಗಡಿಗೆ ಕೊಟ್ಟೆ, ತೊಂಬತ್ತು ಯೂರೋ ತಗೊಂಡು ನೀಲಿಯ ಹೊಳಪು ತೆಗೆದು ವಾಪಸ್ ಕೊಟ್ರು. ಆಮೇಲೆ ಬ್ರಷ್ ಗಿಲೀಟಿನ ಕಿಟ್ ತಂದು ನಾನೇ ಹಾಕಿದೆ. ಮೊದಲನೇದು ಮೂರು ತಿಂಗಳಿಗೆ ಕೆಂಪಗಾಯ್ತು, ನೇರ ತಾಮ್ರದ ಮೇಲೆ ತೆಳುವಾಗಿ ಹಾಕಿದ್ರೆ ಚಿನ್ನ ತಾಮ್ರದೊಳಗೇ ಇಳಿದುಬಿಡುತ್ತೆ. ಮಧ್ಯೆ ಬೇರೆ ಲೋಹದ ಒಂದು ಪದರ ಬೇಕು. ಮೇಲೆ ಅಗೇಟ್ ಕಲ್ಲಲ್ಲಿ ಮೆರುಗು ಕೊಟ್ಟೆ. ಮುಲಾಮಿನ ಆ ಬೆಣ್ಣೆಯಂಥ ಬಣ್ಣ ಇದಕ್ಕೆ ಬರಲ್ಲ, ಒಪ್ಕೋತೀನಿ.

ಮಧ್ಯೆ ಇನ್ನೊಂದು ಹುಚ್ಚು. ಬ್ರಿಟಿಷ್ ಮ್ಯೂಸಿಯಮ್ಮಲ್ಲಿ ಫ್ರೆಂಚ್ ರಾಜಮನೆತನದ ಚಿನ್ನದ ಬಟ್ಟಲಿದೆಯಲ್ಲ, 14ನೇ ಶತಮಾನದ್ದು, ಸಂತ ಆಗ್ನೆಸ್ ಕಥೆ ಇರೋದು, ಅದರ ಪಾರದರ್ಶಕ ಕೆಂಪು ನೋಡಿ ಬಂದು ಬೆಳ್ಳಿ ಮೇಲೆ ಟ್ರೈ ಮಾಡಿದೆ. ಕೆಂಪು ಹೋಗಿ ಕಿತ್ತಳೆ ಆಯ್ತು. ಅರ್ಧ ಗ್ರಾಂ ಅಪರಂಜಿ ರೇಕನ್ನ ಅಡಿಗೆ ಹಾಕಿ ಸುಟ್ಟೆ, ಅಯ್ಯೋ ಏನು ಹೇಳ್ಲಿ, ದಾಳಿಂಬೆ ಕಾಳಿಗೆ ದೀಪ ಹಿಡಿದ ಹಾಗೆ. ಉಗುರಿನಷ್ಟೇ ಇದೆ, ಕೊಡಲ್ಲ ಯಾರಿಗೂ.

ದುಡ್ಡಿನ ಲೆಕ್ಕ ಕೇಳ್ತೀರ, ನೆನಪಿರೋ ಹಾಗೆ ಸೆಕೆಂಡ್ ಹ್ಯಾಂಡ್ ಒಲೆ ಆರ್ನೂರು ಯೂರೋ, ಬಣ್ಣ ಎಲ್ಲ ಸೇರಿ ನಾನೂರರ ಹತ್ರ, ತಾಮ್ರ ಇನ್ನೂರೈವತ್ತು, ಗಿಲೀಟಿಗೆ ಮುನ್ನೂರು ದಾಟಿದೆ. ಮಾರಿದ್ದು ಎರಡು ಪ್ಲೇಟು, ಬಂದಿದ್ದು ಏಳ್ನೂರು. ಹೆಂಡತಿ ಈ ಲೆಕ್ಕ ಇನ್ನೂ ನೋಡಿಲ್ಲ.

ಹೋದ ತಿಂಗಳು ಆ ಹಿರಿಯರು ಮನೆಗೆ ಬಂದಿದ್ರು. ಪ್ಲೇಟು ತಿರುಗಿಸಿ ಹಿಂಬದಿಯನ್ನ ಉಗುರಲ್ಲಿ ಕೆರೆದು ನೋಡಿದ್ರು, ಕಿಟಕಿ ಹತ್ರ ಹೋಗಿ ಓರೆ ಬೆಳಕಲ್ಲಿ ಹಿಡಿದ್ರು, ತಟ್ಟಿದ್ರು. ಒಂದು ಮಾತಿಲ್ಲ. ಹೊರಡುವಾಗ ಬಾಗಿಲ ಹತ್ರ ಶೂ ಹಾಕ್ಕೋತಾ ತಾಮ್ರ ಎಲ್ಲಿ ತಗೊಂಡೆ ಅಂತ ಕೇಳಿದ್ರು. ಅಂಗಡಿ ಹೆಸರು ಹೇಳಿದೆ, ದಪ್ಪ ಹೇಳಲಿಲ್ಲ.